ವಯಸ್ಕರ ವಿದ್ಯೆಗೆ ನೆಲೆ : ಡೆನ್ಮಾರ್ಕಿನಿಂದ ನಂಜನಗೂಡಿನವರೆಗೆ

ವಿದ್ಯೆಯು ಬಾಲ್ಯಕ್ಕೆ ಮಾತ್ರ ಸಲ್ಲತಕ್ಕುದು, ಮೀಸೆ ಮೂಡಿದ ಮೇಲೆ ಮನುಷ್ಯನು ದುಡಿಯಬೇಕೇ ಹೊರತು ಕಲಿಯತಕ್ಕುದಿಲ್ಲವೆಂಬ ಭಾವನೆಯು ನಮ್ಮ ಗ್ರಾಮಗಳಲ್ಲಿ ಬಹುಕಾಲ ಬೇರೂರಿದ್ದಿತು. ಓದು ಬಾರದ ಒಕ್ಕಲಿಗನು ತಾನರಿಯದ ಸಾಲಪತ್ರಕ್ಕೆ ಹೆಬ್ಬೆಟ್ಟನ್ನೊತ್ತುವನು. ದೂರದಲ್ಲಿರುವ ಮಗನಿಂದ ಬಂದ ಕಾಗದವನ್ನು ಪರರ ಕೈಗಿತ್ತು, ಮನೆಯ ಗುಟ್ಟನ್ನು ಬೀದಿಯಲ್ಲಿ ಕೇಳುವನು. ಇಂಥವನಲ್ಲಿ ಕಲಿಯುವ ಇಚ್ಛೆಯು ಇರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಇಚ್ಛೆಯು ಉಂಟು, ಆದರೆ ಹಗಲೆಲ್ಲ ದುಡಿದು ದಣಿದವನು ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು, ಯಾವ ಹೊತ್ತಿನಲ್ಲಿ ಕಲಿಯಬೇಕು ಎಂಬ ಪ್ರಶ್ನೆಗೆ ಉತ್ತರವೇ ದೊರೆಯದು. ಈ ಪ್ರಶ್ನೆಗೆ ಬೇರೆ ಬೇರೆ ದೇಶಕಾಲಗಳಲ್ಲಿ ದೊರೆತ ಉತ್ತರಗಳ ಚರಿತ್ರೆಯನ್ನು ಭಕ್ತಮಹಾಜನರ ಅವಗಾಹನೆಗೆ ತರುವುದೇ ಈ ಲೇಖನದ ಉದ್ದೇಶವು.

ಯೂರೋಪಖಂಡದ ಉತ್ತರಭಾಗದಲ್ಲಿರುವ ಡೆನ್ಮಾರ್ಕು ಒಂದು ಚಿಕ್ಕ ದೇಶ. ಅಲ್ಲಿ ಗ್ರುಂಟ್ವಿಗ್ ಎಂಬ ಪಾದ್ರಿಯು (1783-1872) ಕವಿಯೂ ಚರಿತ್ರಕಾರನೂ ಆಗಿ ಪ್ರಸಿದ್ಧನಾದನು. ಆಗಿನ ಉನ್ನತ ಪಾಠಶಾಲೆಗಳಲ್ಲಿ ಲ್ಯಾಟಿನ್ ಭಾಷೆಗೆ ಅಗ್ರಸ್ಥಾನವಿದ್ದಿತು. ಒಕ್ಕಲುಮಕ್ಕಳಿಗೆ ಆ ವಿದ್ಯೆಯ ಬಾಗಿಲು ಮುಚ್ಚಿದ್ದಿತು. ಮಾತೃಭಾಷೆಯಲ್ಲಿ ದೇಶದ ಚರಿತ್ರೆ, ಹಾಡು, ಸಾರ್ವಜನಿಕ ವಿಚಾರಗಳನ್ನು ಪ್ರಾಯಸ್ಥರಿಗೆ ಬಾಯಿಮಾತಿನಿಂದ ಬೋಧಿಸುವ, ಪರೀಕ್ಷೆಗಳ ಭಯವಿಲ್ಲದ ಶಾಲೆಗಳು ಬೇಕೆಂದು ಅವನು 1830ರ ದಶಕದಿಂದಲೂ ಬರೆಯುತ್ತ ಬಂದನು. ಇಂಥ ಮೊದಲನೆಯ ಜನತಾವಿದ್ಯಾಲಯವು 1844ರಲ್ಲಿ ಸ್ಲೆಸ್ವಿಗ್ ಪ್ರಾಂತದ ರೆಡ್ಡಿಂಗ್ ಎಂಬ ಊರಿನಲ್ಲಿ ಆರಂಭವಾಯಿತು. ಆ ಪ್ರಾಂತದಲ್ಲಿ ಜರ್ಮನ್ ಭಾಷೆಯ ಪ್ರಾಬಲ್ಯದಿಂದ ಡೇನಿಷ್ ನುಡಿಯು ಕುಗ್ಗುತ್ತಿದ್ದುದರಿಂದ, ಈ ಶಾಲೆಯು ಕಲಿಕೆಯ ಸ್ಥಾನವಷ್ಟೇ ಅಲ್ಲದೆ ನುಡಿಯ ರಕ್ಷಣೆಯ ಕೋಟೆಯೂ ಆಯಿತು.

ಗ್ರುಂಟ್ವಿಗನ ಭಾವನೆಗೆ ಹಳ್ಳಿಯ ಬಾಳಿಗೊಪ್ಪುವ ರೂಪವನ್ನಿತ್ತವನು ಕ್ರಿಸ್ಟನ್ ಕೋಲ್ಡ್. ಇವನು ಚಮ್ಮಾರನ ಮಗನು. 1851ರಲ್ಲಿ ರ್ಯುಸ್ಲಿಂಗೆ ಎಂಬ ಗ್ರಾಮದಲ್ಲಿ ಸಣ್ಣದೊಂದು ಶಾಲೆಯನ್ನು ತೆರೆದು, ಶಿಷ್ಯರೊಡನೆ ಒಂದೇ ಮನೆಯಲ್ಲಿ ವಾಸಿಸಿ, ಅವರೊಡನೆಯೇ ಉಂಡು, ಅವರ ಆಡುನುಡಿಯಲ್ಲಿಯೇ ಬೋಧಿಸಿದನು. ಹೊಲಗೆಲಸವು ನಿಲ್ಲುವ ಚಳಿಗಾಲವೇ ತರುಣ ಒಕ್ಕಲಿಗರಿಗೆ ಪಾಠದ ಕಾಲವಾಯಿತು. ಮುಂದೆ ಸ್ತ್ರೀಯರಿಗಾಗಿ ಬೇಸಗೆಯ ತರಗತಿಗಳೂ ನಡೆದುವು.

1864ರ ಯುದ್ಧದಲ್ಲಿ ಡೆನ್ಮಾರ್ಕು ಸೋತು, ರೆಡ್ಡಿಂಗ್ ಸೇರಿದ್ದ ಸೀಮೆಯು ಪರಾಧೀನವಾಯಿತು. ಉಪಾಧ್ಯಾಯರು ಎದೆಗುಂದಲಿಲ್ಲ. ಹೊಸ ಗಡಿಯ ಉತ್ತರಕ್ಕಿದ್ದ ಆಸ್ಕೋವ್ ಎಂಬಲ್ಲಿ 1865ರಲ್ಲಿ ವಿದ್ಯಾಲಯವನ್ನು ಮತ್ತೆ ನಿಲ್ಲಿಸಿದರು. ಅನಂತರ ಇಂಥ ಶಾಲೆಗಳು ದೇಶದಲ್ಲೆಲ್ಲ ಹಬ್ಬಿದುವು. ಅದೇ ಶತಮಾನದ ಕೊನೆಯ ಭಾಗದಲ್ಲಿ ಪರದೇಶಗಳ ಅಗ್ಗದ ಧಾನ್ಯವು ಬಂದು ಬೆಲೆಯು ಕುಸಿದಾಗ, ಆ ದೇಶದ ರೈತರು ಧಾನ್ಯವನ್ನೇ ನೆಚ್ಚದೆ ಹೈನಿನ ಕಡೆಗೆ ತಿರುಗಿದರು. 1882ರಲ್ಲಿ ಹ್ಯೆಡ್ಡಿಂಗ್ ಎಂಬಲ್ಲಿ ಮೊದಲನೆಯ ಸಹಕಾರಿ ಹೈನುಶಾಲೆಯು ಹುಟ್ಟಿತು. ಇಂಗ್ಲೆಂಡಿನ ಮಾರುಕಟ್ಟೆಯ ಅನುಕೂಲವೂ ಹೊಸ ಯಂತ್ರಗಳೂ ಇದಕ್ಕೆ ಕಾರಣವಾಗಿದ್ದುವು. ಆದರೂ ಒಟ್ಟಿಗೆ ಕುಳಿತು ವಿಚಾರಮಾಡಿ, ಪರಸ್ಪರ ನಂಬಿ ವ್ಯವಹರಿಸುವ ಅಭ್ಯಾಸವನ್ನು ರೈತರಲ್ಲಿ ಬೆಳೆಯಿಸುವುದರಲ್ಲಿ ಜನತಾವಿದ್ಯಾಲಯಗಳ ಪಾಲು ಇದ್ದಿತೆಂಬುದನ್ನು ಚರಿತ್ರಕಾರರು ಒಪ್ಪಿದ್ದಾರೆ.

ಇನ್ನು ಕನ್ನಡನಾಡಿನ ಕಡೆಗೆ ದೃಷ್ಟಿಯನ್ನು ತಿರುಗಿಸೋಣ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರಿ ಸಂಘವು ಸ್ಥಾಪಿತವಾಗಿದ್ದಿತು. ಸಂಘದ ಲೆಕ್ಕವನ್ನು ತಾನೇ ಓದಬಲ್ಲ ಸದಸ್ಯನಿಗೂ, ಓದಿದವರು ಹೇಳಿದ್ದನ್ನು ನಂಬಬೇಕಾದ ಸದಸ್ಯನಿಗೂ ಇರುವ ಅಂತರವನ್ನು ವಿವರಿಸಬೇಕಾದುದಿಲ್ಲ. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಸ್ಥಾಪಿತವಾದ ಆರ್ಥಿಕ ಸಮ್ಮೇಳನವು ವ್ಯವಸಾಯ, ಕೈಗಾರಿಕೆಗಳೊಡನೆ ವಿದ್ಯಾಭ್ಯಾಸವನ್ನೂ ತನ್ನ ಕಾರ್ಯಕ್ಷೇತ್ರಕ್ಕೆ ಸೇರಿಸಿಕೊಂಡಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಜನಸಾಮಾನ್ಯರ ಅಕ್ಷರಜ್ಞಾನವಿಲ್ಲದೆ ಸಂಪತ್ತಿನ ಅಭಿವೃದ್ಧಿಯು ಅಸಾಧ್ಯವೆಂದು ಬಗೆದವರು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಮುಂದೆ ಕಾವ, ಜಾಣ, ರತ್ನ ಮೊದಲಾದ ಪರೀಕ್ಷೆಗಳನ್ನು ಏರ್ಪಡಿಸಿ, ಕಾಲೇಜಿನ ಮೆಟ್ಟಿಲನ್ನು ಹತ್ತಲಾರದವರಿಗೂ ಸಾಹಿತ್ಯಾಭ್ಯಾಸದ ದಾರಿಯನ್ನು ತೋರಿತು.

1940ರ ದಶಕದ ಆದಿಯಲ್ಲಿ ಮೈಸೂರಿನ ವಿದ್ಯಾರ್ಥಿಗಳು ಕೈಗೊಂಡ ಸಾಕ್ಷರತೆಯ ಸೇವೆಯು ಬೆಳೆದು, ವಯಸ್ಕರ ಶಿಕ್ಷಣ ಸಮಿತಿಯ ಕಾರ್ಯವಾಗಿ ನೆಲೆಗೊಂಡಿತು. ಹೊಸದಾಗಿ ಅಕ್ಷರ ಕಲಿತವನಿಗೆ ಓದಲು ಏನೂ ದೊರೆಯದಿದ್ದರೆ ಕಲಿತುದು ಕೆಲಕಾಲದಲ್ಲಿಯೇ ಮರೆತುಹೋಗುವುದೆಂಬುದನ್ನು ಸಮಿತಿಯು ಅರಿತು, ಸುಲಭಶೈಲಿಯ ಪುಸ್ತಕಗಳನ್ನೂ 'ಬೆಳಕು', 'ಪುಸ್ತಕ ಪ್ರಪಂಚ' ಎಂಬ ಪತ್ರಿಕೆಗಳನ್ನೂ ಪ್ರಕಟಿಸಿತು. 1947ರಲ್ಲಿ ಕಪಿಲಾತೀರದ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆಯಿತು. ಡೆನ್ಮಾರ್ಕಿನ ಜನತಾವಿದ್ಯಾಲಯವೇ ಇದಕ್ಕೆ ಮಾದರಿಯು. ಗ್ರಾಮದ ತರುಣರು ಅಲ್ಲಿಯೇ ವಾಸವಾಗಿದ್ದು ವ್ಯವಸಾಯ, ಕೈಕಸಬು, ಸಹಕಾರ ಮೊದಲಾದುವನ್ನು ಕಲಿತು, ಪಟ್ಟಣದ ಉದ್ಯೋಗವನ್ನರಸದೆ ತಮ್ಮ ಊರಿಗೇ ಹಿಂದಿರುಗಿ ಬಾಳಬೇಕೆಂಬುದು ಅದರ ಧ್ಯೇಯವಾಗಿದ್ದಿತು. ಹೀಗೆ ಶೀತದೇಶದಲ್ಲಿ ಮೊಳೆತ ಬೀಜವು ನಮ್ಮ ನೆಲದಲ್ಲಿಯೂ ಬೇರುಬಿಟ್ಟಿತು.

ಅನಂತರದ ಕಾಲದಲ್ಲಿ ಕಲಿಕೆಯ ಮಾರ್ಗಗಳು ಹೆಚ್ಚಿದುವು. 1965ರ ಶಾಸನದಿಂದ ಸಾರ್ವಜನಿಕ ಗ್ರಂಥಾಲಯಗಳಿಗೆ ಭದ್ರವಾದ ಆಧಾರವು ದೊರೆಯಿತು. ಕಾರ್ಮಿಕರಿಗಾಗಿ 1967ರಲ್ಲಿ ಮುಂಬಯಿಯಲ್ಲಿ ಮೊದಲಾದ ಶ್ರಮಿಕ ವಿದ್ಯಾಪೀಠದ ಪದ್ಧತಿಯು ಮುಂದೆ ಜನಶಿಕ್ಷಣ ಸಂಸ್ಥಾನವೆಂಬ ಹೆಸರಿನಿಂದ ಕರ್ನಾಟಕದ ಹಲವು ಜಿಲ್ಲೆಗಳಿಗೂ ಹಬ್ಬಿ, ಹೊಲಿಗೆ ಮೊದಲಾದ ಕಸಬುಗಳನ್ನು ಕಲಿಸುತ್ತಿರುವುದು. 1978ರಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ, 1988ರಲ್ಲಿ ಸಾಕ್ಷರತಾ ಮಿಷನ್ನೂ ಆರಂಭವಾದುವು. 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಮುಕ್ತ ವಿಶ್ವವಿದ್ಯಾನಿಲಯವು ಮನೆಯಲ್ಲಿದ್ದೇ ಪದವಿಯನ್ನು ಪಡೆಯುವ ಅವಕಾಶವನ್ನಿತ್ತಿತು.

1951ರ ಜನಗಣತಿಯಲ್ಲಿ ಭಾರತದ ಅಕ್ಷರಸ್ಥರು ನೂರಕ್ಕೆ 18ರಷ್ಟು ಮಾತ್ರ ಇದ್ದರು. 2011ರಲ್ಲಿ ಕರ್ನಾಟಕದ ಅಕ್ಷರಸ್ಥರು ನೂರಕ್ಕೆ 75ನ್ನು ಮೀರಿದರು. ಇದು ಸಂತೋಷದ ವಿಷಯವೇ ಸರಿ. ಆದರೆ ಅದೇ ಗಣತಿಯಲ್ಲಿ ನಮ್ಮ ಸ್ತ್ರೀಯರ ಅಕ್ಷರಸ್ಥಿತಿಯು ನೂರಕ್ಕೆ 68ರಷ್ಟೇ ಇದ್ದಿತು. ಎಂದರೆ ಸುಮಾರು ಮೂವರಲ್ಲಿ ಒಬ್ಬಳಿಗೆ ಅಕ್ಷರವು ದೂರವಾಗಿಯೇ ಉಳಿದಿದ್ದಿತು. ಅವಳು ನಮ್ಮ ತಾಯಿಯೋ, ನೆರೆಮನೆಯವಳೋ ಆಗಿರಬಹುದು.

ಈ ಚರಿತ್ರೆಯಿಂದ ತಿಳಿಯತಕ್ಕ ತತ್ತ್ವಗಳು ನಾಲ್ಕು. ಕಲಿಕೆಯ ಸ್ಥಳವು ಕಲಿಯುವವನಿಗೆ ಎಟುಕುವಂತಿರಬೇಕು. ಕಾಲವು ಅವನ ದುಡಿಮೆಗೆ ಹೊಂದಬೇಕು. ವಿಷಯವು ಅವನ ಬಾಳಿಗೆ ಒದಗಬೇಕು. ಕಲಿತ ಮೇಲೆ ಓದುವುದಕ್ಕೆ ಪುಸ್ತಕವು ಕೈಗೆ ಸಿಕ್ಕಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಎಷ್ಟು ಹಣವನ್ನು ವ್ಯಯಮಾಡಿದರೂ ಫಲವು ಅಲ್ಪವೇ.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೆ. ನಿಮ್ಮ ಊರಿನ ಗ್ರಂಥಾಲಯ, ಶಾಲೆ, ಪಂಚಾಯಿತಿಗಳಲ್ಲಿ ವಯಸ್ಕರಿಗೆ ಯಾವ ಪಾಠಗಳು ಉಂಟೆಂಬುದನ್ನು ವಿಚಾರಿಸಿ ತಿಳಿಯಿರಿ. ತಿಳಿದುದನ್ನು ಓದಲಾರದವರ ಮನೆಗೆ ಹೋಗಿ ಹೇಳಿರಿ, ಏಕೆಂದರೆ ಗೋಡೆಗೆ ಅಂಟಿಸಿದ ಪ್ರಕಟಣೆಯು ಅವರ ಪಾಲಿಗೆ ಇಲ್ಲದಂತೆಯೇ. ಎಲ್ಲಿಯೂ ಪಾಠವಿಲ್ಲವಾದರೆ ಒಂದು ದೀಪ, ಒಂದು ಜಗಲಿ, ಕಲಿಸಬಲ್ಲ ಒಬ್ಬರು, ಇಷ್ಟರಿಂದಲೇ ಆರಂಭಿಸಬಹುದು. ಕೋಲ್ಡನ ಶಾಲೆಯೂ ಸಣ್ಣದಾಗಿಯೇ ಆರಂಭವಾಯಿತು.