ಕಚ್ಚಿದ ಚಕ್ಕು, ಬಿಡಿಸುವ ಬೆಣೆ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಎಂದೊಡನೆ ನೆನಪಾಗುವುದು ದ್ರಾಕ್ಷಿ ತೋಟ. ಆದರೆ ತೋಟ ನಿಂತಿರುವುದು ಯಂತ್ರಗಳ ಮೇಲೆ. ನೀರೆತ್ತುವ ಪಂಪು, ಔಷಧಿ ಹೊಡೆಯುವ ಯಂತ್ರ, ಟ್ರ್ಯಾಕ್ಟರು ಕೆಟ್ಟರೆ ರೈತ ಹೋಗುವುದು ಲೇತು, ಡ್ರಿಲ್ಲಿಂಗ್ ಯಂತ್ರಗಳಿರುವ ವರ್ಕ್‌ಶಾಪಿಗೆ. ಮಳೆ ಬಿದ್ದ ಮೇಲೆ ಬಳ್ಳಿಗೆ ತಗಲುವ ರೋಗ ರಿಪೇರಿ ಮುಗಿಯುವವರೆಗೆ ಕಾಯುವುದಿಲ್ಲ. ಅಂಥ ಹೊತ್ತಿನಲ್ಲಿ ಡ್ರಿಲ್ಲಿಂಗ್ ಯಂತ್ರದ ಚಕ್ಕು ಸ್ಪಿಂಡಲಿನೊಳಗೆ ಕಚ್ಚಿಕೊಂಡು ಹೊರಗೆ ಬಾರದಿದ್ದರೆ ಏನು ಮಾಡಬೇಕು? ಈ ಸಣ್ಣ ಪ್ರಶ್ನೆಯ ಹಿಂದೆ ಒಂದೂವರೆ ಶತಮಾನದ ಇತಿಹಾಸವಿದೆ.

ಚಕ್ಕೆಂದರೆ ಡ್ರಿಲ್ ಬಿಟ್ಟನ್ನು ಹಿಡಿದುಕೊಳ್ಳುವ ಮುಷ್ಟಿ. ಸ್ಪಿಂಡಲ್ ಎಂದರೆ ಆ ಮುಷ್ಟಿಯನ್ನು ತಿರುಗಿಸುವ ದಂಡ. ಇವೆರಡನ್ನೂ ಕೂಡಿಸಲು ಬೋಲ್ಟು, ನಟ್ಟು ಏನೂ ಇಲ್ಲ. ಚಕ್ಕಿನ ಹಿಂಬದಿಯ ದಂಡ ತುದಿಯತ್ತ ಕಿರಿದಾಗುತ್ತ ಹೋಗುತ್ತದೆ. ಸ್ಪಿಂಡಲಿನ ರಂಧ್ರವೂ ಅದೇ ಅಳತೆಯಲ್ಲಿ ಕಿರಿದಾಗುತ್ತದೆ. ಒಂದರೊಳಗೊಂದು ಒತ್ತಿದರೆ ಸಾಕು, ಬಿಗಿಯಾಗಿ ಕೂಡುತ್ತವೆ. ಇದಕ್ಕೆ ಟೇಪರ್ ಎನ್ನುತ್ತಾರೆ.

ಈ ಯುಕ್ತಿ ನಮ್ಮ ರೈತರಿಗೆ ಹೊಸದಲ್ಲ. ಪಿಕಾಸಿಯ ಕಾವು ತಲೆಯ ಕಡೆ ದಪ್ಪಗಿರುತ್ತದೆ. ಬೀಸಿದಷ್ಟೂ ಪಿಕಾಸಿ ಬಿಗಿಯಾಗುತ್ತದೆ. ಅದನ್ನೇ ತಲೆ ಮೇಲಾಗಿ ಹಿಡಿದು ಕಾವಿನ ಬುಡವನ್ನು ನೆಲಕ್ಕೆ ಕುಟ್ಟಿದರೆ ಪಿಕಾಸಿ ಸಡಿಲಗೊಂಡು ಕೆಳಗೆ ಜಾರುತ್ತದೆ. ಬಿಗಿಯುವುದಕ್ಕೊಂದು ದಿಕ್ಕು, ಬಿಡಿಸುವುದಕ್ಕೊಂದು ದಿಕ್ಕು.

ಇದನ್ನೇ ಯಂತ್ರಕ್ಕೆ ಅಳತೆಗೊಳಿಸಿ ತಂದ ಹೆಸರುಗಳಲ್ಲಿ ಪ್ರಮುಖವಾದದ್ದು ಅಮೆರಿಕದ ಸ್ಟೀಫನ್ ಮೋರ್ಸ್ ಅವರದು. ಸುರುಳಿ ಗೆರೆಗಳ ಡ್ರಿಲ್ ಬಿಟ್ಟಿಗೆ 1863ರಲ್ಲಿ ಪೇಟೆಂಟ್ ಪಡೆದ ಅವರು ಮರುವರ್ಷ ಕಂಪೆನಿ ಕಟ್ಟಿದರು. ಅವರ ಹೆಸರಿನ ಟೇಪರ್ ಸುಮಾರು 20 ಮಿಲಿಮೀಟರ್ ಉದ್ದಕ್ಕೆ 1 ಮಿಲಿಮೀಟರ್ ವ್ಯಾಸ ಇಳಿಯುತ್ತದೆ. ಇಳಿಜಾರು ಅಷ್ಟು ಕಡಿಮೆ ಇರುವುದರಿಂದಲೇ ಘರ್ಷಣೆ ಅದನ್ನು ಹಿಡಿದಿಡುತ್ತದೆ. ಕೀಲಿ ತಿರುಗಿಸಿ ಬಿಗಿಯುವ ಇಂದಿನ ಡ್ರಿಲ್ ಚಕ್ಕಿಗೆ ಆರ್ಥರ್ ಜೇಕಬ್ಸ್ ಪೇಟೆಂಟ್ ಪಡೆದದ್ದು 1902ರಲ್ಲಿ.

ಹಿಡಿತವೇ ಮುಂದೆ ತೊಡಕೂ ಆಗಬಹುದೆಂದು ಇದನ್ನು ರೂಪಿಸಿದವರಿಗೆ ಗೊತ್ತಿತ್ತು. ಆದ್ದರಿಂದ ಟೇಪರಿನ ತುದಿಗೆ ಟ್ಯಾಂಗ್ ಎಂಬ ಚಪ್ಪಟೆ ಬಾಲ ಇಟ್ಟರು. ಸ್ಪಿಂಡಲಿನ ಪಕ್ಕದಲ್ಲಿ ಉದ್ದನೆಯ ಸೀಳು ಬಿಟ್ಟರು. ಆ ಸೀಳಿನೊಳಗೆ ಡ್ರಿಫ್ಟ್ ಎಂಬ ಕಬ್ಬಿಣದ ಬೆಣೆಯನ್ನಿಟ್ಟು ಮೆಲ್ಲನೆ ತಟ್ಟಿದರೆ ಬಾಲದ ಮೇಲೆ ಒತ್ತಡ ಬಿದ್ದು ಚಕ್ಕು ಕೆಳಗೆ ಬರುತ್ತದೆ. ಬೀಳದಂತೆ ಕೆಳಗೆ ಹಲಗೆ ಇಡಬೇಕು. ಲೇತಿನ ಟೇಲ್‌ಸ್ಟಾಕಿನಲ್ಲಾದರೆ ಕೈಚಕ್ರವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದಾಗ ಒಳಗಿನ ಸ್ಕ್ರೂ ತುದಿಯೇ ಟೇಪರನ್ನು ಹೊರದೂಡುತ್ತದೆ. ಚಕ್ಕೊಂದನ್ನೇ ಅದರ ದಂಡದಿಂದ ಬೇರ್ಪಡಿಸಬೇಕಾದರೆ ಎರಡರ ನಡುವೆ ಎದುರುಬದುರಾಗಿ ನುಗ್ಗಿಸುವ ಕವಲು ಬೆಣೆಗಳ ಜೋಡಿ ಬೇಕು. ಮಿಲ್ಲಿಂಗ್ ಯಂತ್ರದ್ದು ಬೇರೆ ದಾರಿ. ಅದರ ಟೇಪರ್ 24ಕ್ಕೆ 7ರಂತೆ ಕಡಿದಾಗಿ ಇಳಿಯುತ್ತದೆ, ತಾನಾಗಿ ಕಚ್ಚುವುದಿಲ್ಲ. ಮೇಲಿನಿಂದ ಉದ್ದನೆಯ ಬೋಲ್ಟು ಎಳೆದು ಹಿಡಿಯಬೇಕು.

ಹಾಗಿದ್ದೂ ಕಚ್ಚುವುದೇಕೆ? ಕೆಲಸದಿಂದ ಕಾದ ಸ್ಪಿಂಡಲಿಗೆ ತಣ್ಣಗಿನ ಟೇಪರನ್ನು ಹಾಕಿದರೆ, ಸ್ಪಿಂಡಲ್ ಆರಿದಾಗ ಕುಗ್ಗಿ ಅದನ್ನು ಅಪ್ಪಿಕೊಳ್ಳುತ್ತದೆ. ತುಕ್ಕು, ಲೋಹದ ಚೂರು, ಕೆದರಿದ ಅಂಚು ಸೇರಿದರೆ ಇನ್ನೂ ಕಷ್ಟ. ಆಗ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡುವುದು, ಹೊರಭಾಗವನ್ನು ತುಸು ಬೆಚ್ಚಗೆ ಮಾಡಿ ಒಳಭಾಗವನ್ನು ತಣ್ಣಗಿಡುವುದು, ಬೆಣೆಯ ಒತ್ತಡ ಇರುವಾಗಲೇ ಹಿತ್ತಾಳೆ ಸುತ್ತಿಗೆಯಿಂದ ಲಘುವಾಗಿ ತಟ್ಟುವುದು, ಇವು ಬಲ್ಲವರ ಕ್ರಮ. ಎಣ್ಣೆ ಹಾಕಿದ ಮೇಲೆ ಬೆಂಕಿಯ ಜ್ವಾಲೆ ಹಿಡಿಯಬಾರದು.

ದೊಡ್ಡ ಸುತ್ತಿಗೆ ಎತ್ತುವುದು ಸುಲಭ. ಆದರೆ ಆ ಏಟು ಚಕ್ಕಿಗೆ ಮಾತ್ರ ಬೀಳುವುದಿಲ್ಲ. ಸ್ಪಿಂಡಲನ್ನು ಹೊತ್ತ ಬೇರಿಂಗಿನ ಓಟದ ದಾರಿಯಲ್ಲಿ ಗುಂಡುಗಳ ಗುರುತು ಮೂಡುತ್ತದೆ. ಮುಂದೆ ಕೊರೆದ ಪ್ರತಿಯೊಂದು ತೂತೂ ಆ ನೋವನ್ನು ತೋರಿಸುತ್ತದೆ.

ಈ ಎಚ್ಚರ ನಮ್ಮಲ್ಲಿ ಹೆಚ್ಚು ಬೇಕು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ ಪರಂಪರೆಯಲ್ಲಿ 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಆರಂಭವಾಯಿತು. ಕನ್ನಡ ನಾಡಿನ ಕಾರ್ಮಿಕರು ಲೇತು ಬಳಸುವವರಷ್ಟೇ ಆಗಿ ಉಳಿಯದೆ ಲೇತು ಮಾಡುವವರೂ ಆದರು. ಹರಿಹರದ ಆ ಕಾರ್ಖಾನೆ ಈಗ ಮುಚ್ಚಿದೆ. ಅಲ್ಲಿ ತಯಾರಾದ ಲೇತಿನ ಸ್ಪಿಂಡಲ್ ಕೆಟ್ಟರೆ ಮಾಡಿದವರ ಬಾಗಿಲಿಗೆ ಹೋಗಿ ಹೊಸದು ಕೇಳುವಂತಿಲ್ಲ.

ಹೀಗಾಗಿ ಚಕ್ಕು ಹಾಕುವ ಮೊದಲು ಒಣಬಟ್ಟೆಯಿಂದ ಎರಡೂ ಮೈಗಳನ್ನು ಒರೆಸುವ ಹುಡುಗನೂ, ಸರಿಯಾದ ಅಳತೆಯ ಬೆಣೆಯನ್ನು ಯಂತ್ರದ ಪಕ್ಕದಲ್ಲೇ ನೇತುಹಾಕುವ ಮಿಸ್ತ್ರಿಯೂ ಆ ಯಂತ್ರದ ಆಯುಷ್ಯ ಕಾಯುತ್ತಿದ್ದಾರೆ. ಅದರೊಂದಿಗೆ, ಔಷಧಿ ಪಂಪು ಹೊತ್ತು ತಂದು ಬಾಗಿಲಲ್ಲಿ ಕಾದು ನಿಂತ ರೈತನ ಬೆಳೆಯನ್ನೂ.