ಸೀಟಿನ ಸ್ಪ್ರಿಂಗಿನಲ್ಲಿ ಸಿಕ್ಕ ಹಾಳೆ

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ಒಂದು ವರ್ಷದಿಂದ ಅಮೆರಿಕದ ಹಳೆಯ ಕಾರುಗಳ ಮಾರಾಟದ ಜಾಹೀರಾತು ಓದುವ ಚಟ ಹತ್ತಿಕೊಂಡಿದೆ. ಪಿಎಚ್‌.ಡಿ.ಗಾಗಿ ಕಾರ್ಮಿಕ ಚರಿತ್ರೆ ಓದುತ್ತಿರುವವಳು ನಾನು. ಡೆಟ್ರಾಯಿಟ್‌ನ ಮುಷ್ಕರಗಳ ಬಗ್ಗೆ ಹುಡುಕುತ್ತಿದ್ದಾಗ ಒಂದು ರಾತ್ರಿ ದಾರಿ ತಪ್ಪಿ ಇಂಥದೊಂದು ಜಾಹೀರಾತಿಗೆ ಬಂದು ನಿಂತೆ. 1970ರ ಡಾಜ್ ಚಾಲೆಂಜರ್ ಆರ್/ಟಿ, 440 ಎಂಜಿನ್, ಹೊಳೆಯುವ ನೇರಳೆ ಬಣ್ಣ, ಮೊದಲಿನಂತೆಯೇ ಮಾಡಿದ ಪೂರ್ತಿ ಜೀರ್ಣೋದ್ಧಾರ. ಕೊನೆಯಲ್ಲಿ ಒಂದು ಸಾಲು: ಕಾರಿನ ಮೂಲ ಬ್ರಾಡ್‌ಕಾಸ್ಟ್ ಶೀಟ್ ಸಹ ಇದೆ.

ಈ ಶೀಟ್ ಏನೆಂದು ಹುಡುಕುತ್ತಾ ಹೋದಂತೆ ನನ್ನ ಅಧ್ಯಾಯವೇ ಇನ್ನೊಂದು ಕಡೆಯಿಂದ ಎದುರಾಯಿತು.

'ಮಸಲ್ ಕಾರ್' ಎಂಬ ಜಾತಿ ಹುಟ್ಟಿದ್ದು ಒಂದು ನಿಯಮವನ್ನು ಜಾಣತನದಿಂದ ದಾಟಿದ್ದರಿಂದ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಎಂದು ಜನರಲ್ ಮೋಟಾರ್ಸ್ ಕಟ್ಟಳೆ ಮಾಡಿತ್ತು. ಅದರದೇ ಪಾಂಟಿಯಾಕ್ ವಿಭಾಗದಲ್ಲಿದ್ದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು 1964ರ ಟೆಂಪೆಸ್ಟ್ ಕಾರಿಗೆ 389 ಘನ ಇಂಚಿನ ಎಂಜಿನ್ ಇಟ್ಟರು. ಹೊಸ ಮಾದರಿ ಎಂದರೆ ಮೇಲಿನವರು ತಡೆಯುತ್ತಾರೆಂದು 'ಬೇಕಿದ್ದವರಿಗೆ ಹೆಚ್ಚುವರಿ ಸೌಲಭ್ಯ' ಎಂದು ಪಟ್ಟಿಯಲ್ಲಿ ಸೇರಿಸಿದರು. ಅದೇ ಜಿಟಿಒ. ಸಾಮಾನ್ಯ ಮೈ, ದೈತ್ಯ ಎಂಜಿನ್, ಸಂಬಳದ ಹುಡುಗರ ಕೈಗೆ ಎಟಕುವ ಬೆಲೆ. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಕಾರು ಮಾರಾಟವಾದವು. ಉಳಿದ ಕಂಪನಿಗಳೂ ಹಿಂದೆ ಬಿದ್ದವು. ಕ್ರೈಸ್ಲರ್ ಕಂಪನಿಯ ಚಾಲೆಂಜರ್ ಈ ಓಟಕ್ಕೆ ತಡವಾಗಿ ಬಂದದ್ದು. ವಿಮೆಯ ಕಂತು ಏರಿತು, 1970ರಲ್ಲಿ ವಾಯುಮಾಲಿನ್ಯದ ಕಾಯ್ದೆ ಬಿಗಿಯಾಯಿತು, 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಹತ್ತು ವರ್ಷಗಳಲ್ಲಿ ಆ ಯುಗವೇ ಮುಗಿಯಿತು. 1974ರಲ್ಲಿ ಚಾಲೆಂಜರ್ ಕೂಡ ನಿಂತುಹೋಯಿತು.

ಅಂದು ಸಾಮಾನ್ಯರದಾಗಿದ್ದ ಕಾರು ಇಂದು ಶ್ರೀಮಂತರ ಹವ್ಯಾಸ. ಕೊಳ್ಳುವವರು ಮೊದಲು ನೋಡುವುದು ವೇಗವನ್ನಲ್ಲ, ದಾಖಲೆಯನ್ನು. ಡ್ಯಾಶ್‌ಬೋರ್ಡಿನ ತಗಡಿನ ಮೇಲಿರುವ ನಂಬರನ್ನು ಶಾಸನದಂತೆ ಓದುತ್ತಾರೆ. ಜೆಎಸ್23ಯು0ಬಿ ಎಂದು ಶುರುವಾದರೆ ಜೆ ಎಂದರೆ ಚಾಲೆಂಜರ್, ಯು ಎಂದರೆ 440 ಎಂಜಿನ್, 0 ಎಂದರೆ 1970, ಬಿ ಎಂದರೆ ಹ್ಯಾಮ್‌ಟ್ರಾಮ್ಕ್ ಕಾರ್ಖಾನೆ. ಈ ನಂಬರಿನ ಕೊನೆಯ ಅಂಕಿಗಳು ಎಂಜಿನ್ ಮೇಲೂ ಗೇರ್‌ಬಾಕ್ಸ್ ಮೇಲೂ ಕೊರೆದಿರಬೇಕು. ಹೊಂದಿದರೆ ಬೆಲೆ ಏರುತ್ತದೆ, ಹೊಂದದಿದ್ದರೆ ಇಳಿಯುತ್ತದೆ. ಹಸ್ತಪ್ರತಿಯ ಶುದ್ಧಪಾಠ ಹುಡುಕುವವರಿಗೂ ಇವರಿಗೂ ಹೆಚ್ಚು ವ್ಯತ್ಯಾಸ ನನಗೆ ಕಾಣಲಿಲ್ಲ.

ಬ್ರಾಡ್‌ಕಾಸ್ಟ್ ಶೀಟ್ ಇನ್ನೂ ಸ್ವಾರಸ್ಯದ್ದು. ಯಾವ ಕಾರಿಗೆ ಯಾವ ಎಂಜಿನ್, ಯಾವ ಸೀಟು, ಯಾವ ಬಣ್ಣ ಎಂದು ಸಂಕೇತಗಳಲ್ಲಿ ಅಚ್ಚಾದ ಹಾಳೆ ಅದು. ಜೋಡಣೆಯ ಸಾಲಿನಲ್ಲಿ ನಿಂತ ಕಾರ್ಮಿಕರು ಅದನ್ನು ನೋಡಿ ಬಿಡಿಭಾಗ ಹಾಕುತ್ತಿದ್ದರು. ಕೆಲಸ ಮುಗಿದ ಮೇಲೆ ಅದು ಕಸ. ಎಷ್ಟೋ ಹಾಳೆಗಳು ಸೀಟಿನ ಸ್ಪ್ರಿಂಗುಗಳ ನಡುವೆ, ನೆಲಹಾಸಿನ ಕೆಳಗೆ ಉಳಿದುಬಿಟ್ಟವು. ದಶಕಗಳ ನಂತರ ಸೀಟು ಬಿಚ್ಚಿದವರು ಮಾಸಿದ, ಇಲಿ ಕಡಿದ ಆ ಕಾಗದವನ್ನು ನಿಧಿಯಂತೆ ಎತ್ತಿಡುತ್ತಾರೆ.

ಆ ಹಾಳೆ ಹಿಡಿದು ಕೆಲಸ ಮಾಡಿದವರು ಯಾರು? ಹ್ಯಾಮ್‌ಟ್ರಾಮ್ಕ್ ಎಂಬುದು ಡೆಟ್ರಾಯಿಟ್ ನಗರ ಸುತ್ತುವರಿದ ಪುಟ್ಟ ಊರು. ಅಲ್ಲಿ ಡಾಜ್ ಸಹೋದರರು 1910ರಲ್ಲಿ ಆರಂಭಿಸಿದ ಕಾರ್ಖಾನೆಯನ್ನು 'ಡಾಜ್ ಮೇನ್' ಎನ್ನುತ್ತಿದ್ದರು. 1968ರ ಮೇ ತಿಂಗಳಲ್ಲಿ ಸಾಲಿನ ವೇಗ ಹೆಚ್ಚಿಸಿದ್ದನ್ನು ವಿರೋಧಿಸಿ ಕಾರ್ಮಿಕರು ಯೂನಿಯನ್ನಿನ ಒಪ್ಪಿಗೆಗೂ ಕಾಯದೆ ಕೆಲಸ ಬಿಟ್ಟು ಹೊರಬಂದರು. ಬಿಳಿಯರೂ ಕರಿಯರೂ ಇಬ್ಬರೂ ಇದ್ದರು. ಶಿಕ್ಷೆ ಮಾತ್ರ ಹೆಚ್ಚಾಗಿ ಬಿದ್ದದ್ದು ಕರಿಯರ ಮೇಲೆ. ಕೆಲಸ ಕಳೆದುಕೊಂಡವರಲ್ಲಿ ಜನರಲ್ ಬೇಕರ್ ಒಬ್ಬ. ಅವನೂ ಗೆಳೆಯರೂ ಕಟ್ಟಿದ ಸಂಘಟನೆಯೇ ಡ್ರಮ್, ಅಂದರೆ ಡಾಜ್ ರೆವಲ್ಯೂಷನರಿ ಯೂನಿಯನ್ ಮೂವ್‌ಮೆಂಟ್. ಅವರೂ ಹಾಳೆ ಅಚ್ಚು ಹಾಕಿದರು. ಅದರಲ್ಲಿದ್ದದ್ದು ಬಿಡಿಭಾಗಗಳ ಸಂಕೇತವಲ್ಲ. ಕಾರ್ಖಾನೆಯೊಳಗಿನ ವರ್ಣಭೇದ, ಅಪಾಯ, ಅವಮಾನಗಳ ಲೆಕ್ಕ.

ಚಾಲೆಂಜರ್ ತಯಾರಾಗತೊಡಗಿದ್ದು ಇದಾದ ಮರುವರ್ಷ, ಇದೇ ಕಾರ್ಖಾನೆಯಲ್ಲಿ. ಸ್ವಾತಂತ್ರ್ಯ, ತಾರುಣ್ಯ, ವೇಗ ಎಂದು ಜಾಹೀರಾತುಗಳು ಹಾಡಿದ ಕಾರನ್ನು ಕಟ್ಟಿದವರು 'ವೇಗ ಕಡಿಮೆ ಮಾಡಿ' ಎಂದು ಕೇಳಿ ಬೀದಿಗೆ ಬಿದ್ದವರ ಒಡನಾಡಿಗಳು. ರಸ್ತೆಯಲ್ಲಿ ಸುಖವಾದ ವೇಗ ಸಾಲಿನಲ್ಲಿ ಮೈಮುರಿಯುವ ದುಡಿಮೆಯಾಗಿತ್ತು.

ಡಾಜ್ ಮೇನ್ 1980ರ ಜನವರಿಯಲ್ಲಿ ಮುಚ್ಚಿತು, ಮರುವರ್ಷ ನೆಲಸಮವಾಯಿತು. ಆ ಜಾಗಕ್ಕೆ ಅಕ್ಕಪಕ್ಕದ ಪೋಲ್‌ಟೌನ್ ಬಡಾವಣೆಯನ್ನೂ ಸೇರಿಸಿ ಜನರಲ್ ಮೋಟಾರ್ಸ್‌ಗೆ ಹೊಸ ಕಾರ್ಖಾನೆ ಕಟ್ಟಲು ಕೊಟ್ಟರು. ಸುಮಾರು 4,200 ಜನ ಮನೆ ಬಿಟ್ಟು ಹೋಗಬೇಕಾಯಿತು. ಅವರು ಕೋರ್ಟಿಗೆ ಹೋದರು, 1981ರಲ್ಲಿ ಸೋತರು. ಕಾರ್ಖಾನೆಗೆ ಜೀರ್ಣೋದ್ಧಾರ ಇರಲಿಲ್ಲ. ಅಲ್ಲಿಂದ ಹೊರಬಂದ ಕಾರಿಗೆ ಇತ್ತು.

ಜೀರ್ಣೋದ್ಧಾರದ ಕುಶಲಿಗಳು ಮಾಡುವ ಒಂದು ಕೆಲಸ ನನ್ನನ್ನು ಬಹಳ ಕಾಡಿದೆ. ತಪಾಸಣೆ ಮುಗಿಯಿತೆಂದು ಕಾರ್ಮಿಕರು ಅಂದು ಬಣ್ಣದ ಕಡ್ಡಿಯಿಂದ ತಗಡಿನ ಮೇಲೆ ಗೀಚಿದ ಗುರುತುಗಳಿರುತ್ತವೆ. ಹಳೆಯ ಬಣ್ಣ ಕೆರೆಯುವ ಮುನ್ನ ಅವುಗಳ ಫೋಟೋ ತೆಗೆದು, ಹೊಸ ಬಣ್ಣ ಬಳಿದ ಮೇಲೆ ಅದೇ ಜಾಗದಲ್ಲಿ ಅದೇ ಓರೆಯಲ್ಲಿ ಮತ್ತೆ ಗೀಚುತ್ತಾರೆ. ಇಷ್ಟು ಶ್ರದ್ಧೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಗೀಟು ಮರಳಿ ಬರುತ್ತದೆ, ಗೀಚಿದ ಕೈ ಬರುವುದಿಲ್ಲ. ಯಾರದೆಂದು ಯಾರೂ ಕೇಳುವುದೂ ಇಲ್ಲ.

ನನ್ನ ಕೆಲಸವೂ ಇದೇ ತಪ್ಪಿಗೆ ಹತ್ತಿರದ್ದು. ಕಂಪನಿಯ ಕಡತಗಳನ್ನು ಓದಿ, ಸಂಕೇತ ಬಿಡಿಸಿ, ಅಂಕಿ ಹೊಂದಿಸಿ, ಆ ದಿನ ಹೇಗಿತ್ತೋ ಹಾಗೆಯೇ ಕಟ್ಟಿಕೊಟ್ಟೆ ಎಂದು ಬೀಗುವುದು. ಡ್ರಮ್‌ನ ಕರಪತ್ರಗಳು ಇಂದು ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ರೂಥರ್ ಗ್ರಂಥಾಲಯದಲ್ಲಿವೆ. ಸೀಟಿನೊಳಗಿನ ಹಾಳೆ ಕಾರಿನೊಂದಿಗೆ ಹರಾಜಿಗೆ ಹೋಗುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದಾಗ ಮಾತ್ರ ಆ ನೇರಳೆ ಕಾರಿನ ಕಥೆ ಪೂರ್ತಿಯಾದೀತು. ಅಧ್ಯಾಯವನ್ನು ಮತ್ತೆ ಮೊದಲಿಂದ ಬರೆಯುತ್ತಿದ್ದೇನೆ.