ಮಾಸು ದಾಟುವ ಮದ್ದು

ಹೆರಿಗೆಯಾದ ಮೇಲೆ ಮಾಸನ್ನು ಹಿತ್ತಲಲ್ಲಿ ಹೂಳುವುದು ನಮ್ಮ ಹಳ್ಳಿಗಳ ಹಳೆಯ ವಾಡಿಕೆ. ವೈದ್ಯರು ಜರಾಯುವೆಂದು ಕರೆಯುವ ಈ ಅಂಗವು ತಾಯಿಯ ರಕ್ತದಿಂದ ಗರ್ಭಸ್ಥ ಶಿಶುವಿಗೆ ಅನ್ನವನ್ನೂ ಪ್ರಾಣವಾಯುವನ್ನೂ ಒದಗಿಸುತ್ತದೆ. ಅದು ಗೋಡೆಯೋ, ಬಾಗಿಲೋ? ಮಧುಮೇಹದ ಮಾತ್ರೆಯೊಂದರ ಚರಿತ್ರೆಯಲ್ಲಿ ಈ ಪ್ರಶ್ನೆಯೇ ಮುಖ್ಯವಾಯಿತು.

ಇಂದು ಆಂಡರ್ಸನ್‌ಪೇಟೆಯ ಔಷಧದಂಗಡಿಯಲ್ಲಿಯೂ ಸಿಕ್ಕುವ ಮೆಟ್‌ಫಾರ್ಮಿನ್ನಿನ ಮೂಲವು ಯೂರೋಪಿನ ನಾಟಿಮದ್ದಾದ ಗಲೇಗಾ ಗಿಡದಲ್ಲಿದೆ. 1922ರಲ್ಲಿ ಡಬ್ಲಿನ್ನಿನ ವರ್ನರ್ ಮತ್ತು ಬೆಲ್ ಎಂಬುವರು ಇದನ್ನು ರಸಾಯನಶಾಲೆಯಲ್ಲಿ ತಯಾರಿಸಿದರು. ಅದೇ ವರ್ಷ ಟೊರಾಂಟೋದಲ್ಲಿ ಇನ್ಸುಲಿನ್ನಿನ ಚಿಕಿತ್ಸೆ ಆರಂಭವಾದುದರಿಂದ ಇತ್ತ ಯಾರ ಗಮನವೂ ಹರಿಯಲಿಲ್ಲ. 1957ರಲ್ಲಿ ಪ್ಯಾರಿಸ್ಸಿನ ವೈದ್ಯ ಸ್ಟರ್ನ್ ಇದರ ಗುಣವನ್ನು ಲೋಕಕ್ಕೆ ತಿಳಿಸಿದನು.

ಇನ್ಸುಲಿನ್ ಮಾಸನ್ನು ದಾಟುವುದಿಲ್ಲವೆಂದೇ ಹೇಳಬಹುದು, ಮೆಟ್‌ಫಾರ್ಮಿನ್ ದಾಟುತ್ತದೆ. ಹೊಕ್ಕುಳುಬಳ್ಳಿಯ ರಕ್ತದಲ್ಲಿಯೂ ಅದು ಕಂಡುಬಂದಿದೆ. ಹೆರಿಗೆಯಾದೊಡನೆ ಪಡೆದ ಮಾಸಿನಲ್ಲಿ ಔಷಧಮಿಶ್ರಿತ ದ್ರವವನ್ನು ಹರಿಸಿಯೂ ವಿಜ್ಞಾನಿಗಳು ಇದನ್ನು ಕಂಡುಕೊಂಡರು. 2016ರಲ್ಲಿ ಮೆಲ್ಬರ್ನಿನ ಸಂಶೋಧಕರು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು: ಗರ್ಭಿಣಿಯರ ರಕ್ತದೊತ್ತಡದ ವ್ಯಾಧಿಯಲ್ಲಿ ಮಾಸು ಸುರಿಸುವ ಎರಡು ಕೆಡುಕಿನ ಪ್ರೋಟೀನುಗಳನ್ನು ಈ ಮದ್ದು ಪ್ರಯೋಗಶಾಲೆಯಲ್ಲಿ ತಗ್ಗಿಸಿತು.

ಹಾಗಾದರೆ ಮಗುವಿಗೆ ಕ್ಷೇಮವೇ? 2008ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ–ನ್ಯೂಜಿಲೆಂಡಿನ 751 ಗರ್ಭಿಣಿಯರ ಪರೀಕ್ಷೆಯಲ್ಲಿ ಇನ್ಸುಲಿನ್ನಿಗಿಂತ ಹೆಚ್ಚಿನ ತೊಡಕು ಶಿಶುಗಳಿಗೆ ಕಾಣಲಿಲ್ಲ. ಆದರೆ ಮಾತ್ರೆ ಪಡೆದವರಲ್ಲಿ ಅರ್ಧಕ್ಕೆ ಸಮೀಪದವರಿಗೆ ಇನ್ಸುಲಿನ್ನೂ ಬೇಕಾಯಿತು. ಮುಂದೆ ಒಂಬತ್ತು ವರ್ಷವಾದಾಗ ಆಕ್ಲೆಂಡಿನಲ್ಲಿ ಮಾತ್ರೆಯ ಗುಂಪಿನ ಮಕ್ಕಳು ಕೊಂಚ ದಪ್ಪಗಿದ್ದರು. ಅಡಿಲೇಡಿನಲ್ಲಿ ಏಳು ವರ್ಷದ ಮಕ್ಕಳಲ್ಲಿ ಆ ಭೇದ ಕಾಣಲಿಲ್ಲ.

ಇದನ್ನೋದಿ ಮದ್ದನ್ನೇ ದೂರಬಾರದು. ಏಕೆಂದರೆ ತಾಯಿಯ ರಕ್ತದ ಸಕ್ಕರೆಯೂ ಅದೇ ಬಾಗಿಲನ್ನು ದಾಟುತ್ತದೆ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಪರೀಕ್ಷಿಸಿದ ಗರ್ಭಿಣಿಯರಲ್ಲಿ ನೂರಕ್ಕೆ ಆರು ಮಂದಿಗೆ ಗರ್ಭಕಾಲದ ಮಧುಮೇಹವಿತ್ತು. ಅವರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಮೈಕೊಬ್ಬು ಹೆಚ್ಚಾಗಿ ಕಂಡಿತು.

ಆದುದರಿಂದ ತೂಗಿ ನೋಡಬೇಕಾದುದು ಎರಡನ್ನೂ. ಭಾರತ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ ಗರ್ಭಿಣಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ಬಳಿಕ ರಕ್ತವನ್ನು ಪರೀಕ್ಷಿಸಬೇಕು. ಸಕ್ಕರೆ 140ನ್ನು ಮುಟ್ಟಿದರೆ ಮೊದಲು ಪಥ್ಯ. ಅದು ಸಾಲದಾದರೆ ಮದ್ದು. ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ ಈ ಪರೀಕ್ಷೆಯನ್ನು ತಪ್ಪಿಸಬೇಡಿ. ಮಾತ್ರೆಯನ್ನು ತಾವಾಗಿಯೇ ಆರಂಭಿಸುವುದೂ ಬೇಡ, ಹೆದರಿ ನಿಲ್ಲಿಸುವುದೂ ಬೇಡ, ವೈದ್ಯರನ್ನು ಕೇಳಿರಿ.